ಲಿಪಿಟ್ಸಾದ ಕುದುರೆ ತಳಿಕೇಂದ್ರ ಮತ್ತು ಸಾರೋಟು ಸಂಗ್ರಹಾಲಯ: ಕಲಬುರಗಿ, ಬೀದರ, ಯಾದಗಿರಿಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಮಕ್ಕಳು ಜರ್ಮನಿ, ಆಸ್ಟ್ರಿಯಾ, ಇಟಲಿಗಳಲ್ಲಿ ಕೆಲಸಕ್ಕೆ ನೆಲೆಸಿದ ಮೇಲೆ ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆಯ ತಂದೆತಾಯಿಗಳು ಒಂದೆರಡು ತಿಂಗಳ ಮಟ್ಟಿಗೆ ಯುರೋಪಿಗೆ ಹೋಗಿ ಬರುವುದು ಈಗ ಅಪರೂಪವಲ್ಲ. ಹೋದವರು ಸಾಮಾನ್ಯವಾಗಿ ಪ್ಯಾರಿಸ್, ರೋಮ್, ವೆನಿಸ್ ನೋಡಿ ಮರಳುತ್ತಾರೆ. ಬಂಡಿ, ಎತ್ತು, ಟಾಂಗಾಗಳನ್ನು ಕಂಡು ಬೆಳೆದವರಿಗೆ ಇವುಗಳಿಗಿಂತ ಹೆಚ್ಚು ಹಿಡಿಸಬಹುದಾದ ಸ್ಥಳವೊಂದು ವೆನಿಸಿನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಲ್ಲಿದೆ. ಅದು ಸ್ಲೊವೇನಿಯಾ ದೇಶದ ಲಿಪಿಟ್ಸಾ. 1580ರಲ್ಲಿ ಆರಂಭವಾದ ಅಲ್ಲಿನ ಕುದುರೆ ತಳಿಕೇಂದ್ರ ಇಂದಿಗೂ ನಡೆಯುತ್ತಿದೆ. ಅದೇ ಆವರಣದಲ್ಲಿ ಹಳೆಯ ಸಾರೋಟುಗಳ ಸಂಗ್ರಹಾಲಯವೂ ಇದೆ. ಎಳೆಯುವ ಪ್ರಾಣಿಯನ್ನೂ ಅದು ಎಳೆದ ವಾಹನವನ್ನೂ ಒಂದೇ ದಿನ, ಒಂದೇ ನೆಲದ ಮೇಲೆ ನೋಡಲು ಸಿಗುವ ಇಂತಹ ಜಾಗಗಳು ಕಡಿಮೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನಾನು ಒತ್ತಿ ಹೇಳುವ ಕ್ರಮ ಒಂದೇ: ಮೊದಲು ಕುದುರೆ, ಆಮೇಲೆ ಸಾರೋಟು.

ಊರಿನಲ್ಲಿಯೇ ಆಗಬೇಕಾದ ಸಿದ್ಧತೆ

ಕುದುರೆಯ ಸಂಗತಿ ನಮ್ಮ ಸೀಮೆಗೆ ಹೊಸದಲ್ಲ. ಬಹಮನಿ ಅರಸರ ಕಾಲದಲ್ಲಿ, 1470ರ ಆಸುಪಾಸಿನಲ್ಲಿ, ರಷ್ಯದ ವರ್ತಕ ಅಫನಾಸಿ ನಿಕಿತಿನ್ ಮಾರಾಟಕ್ಕೆಂದು ಒಂದು ಗಂಡುಕುದುರೆಯನ್ನು ಸಮುದ್ರದ ಮೇಲೆ ತಂದು, ಕೊನೆಗೆ ಬೀದರದಲ್ಲಿ ಅದನ್ನು ಮಾರಿದನು. ಬೀದರದಿಂದ ಕೆಲವು ಹರದಾರಿ ದೂರದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನಗಳ ಜಾತ್ರೆ ನೆರೆಯುತ್ತದೆಂದೂ ಅಲ್ಲಿಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತವೆಂದೂ ಅವನು ಬರೆದಿಟ್ಟಿದ್ದಾನೆ; ವಿದ್ವಾಂಸರು ಆ ಸ್ಥಳವನ್ನು ಇಂದಿನ ಆಳಂದ ಎಂದು ಗುರುತಿಸುತ್ತಾರೆ. ಪ್ರವಾಸಕ್ಕೆ ಹೊರಡುವ ಮೊದಲು ಮೊಮ್ಮಕ್ಕಳಿಗೆ ಇಷ್ಟು ಕಥೆ ಹೇಳಿದರೆ, ಕುದುರೆಗಾಗಿ ಒಂದು ರಾಜ್ಯ ಎಷ್ಟು ದೂರಕ್ಕೆ ಕೈಚಾಚುತ್ತಿತ್ತು ಎಂಬುದು ಅವರಿಗೆ ತಿಳಿಯುತ್ತದೆ. ಆಸ್ಟ್ರಿಯದ ಅರಸುಮನೆತನ ಲಿಪಿಟ್ಸಾವನ್ನು ಕಟ್ಟಿದ್ದೂ ಅದೇ ಅಗತ್ಯದಿಂದ.

ಎರಡನೆಯ ಸಿದ್ಧತೆ ಇನ್ನೂ ಸುಲಭ. ನಿಮ್ಮ ಊರಿನಲ್ಲಿ ಹಳೆಯ ಕಟ್ಟಿಗೆಯ ಗಾಲಿಯ ಬಂಡಿ ಉಳಿದಿದ್ದರೆ ಅದರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ನಡುವಿನ ಗುಂಭ, ಅದರಿಂದ ಹೊರಕ್ಕೆ ಚಾಚಿದ ಆರೆಗಳು, ಆರೆಗಳ ತುದಿಯನ್ನು ಹಿಡಿದಿರುವ ಮರದ ಹೊರಬಳೆ, ಅದರ ಮೇಲೆ ಬಿಗಿದ ಕಬ್ಬಿಣದ ಹಳಿ, ಗಾಲಿ ಕಳಚಿಕೊಳ್ಳದಂತೆ ಅಚ್ಚಿನ ತುದಿಗೆ ಹಾಕಿದ ಕಡಾಣಿ, ಇವುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ನೋಡಿ. ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಸುರಿದು ಕುಗ್ಗಿಸಿ ಬಿಗಿಮಾಡುವ ಕೆಲಸವನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಅವರಿಂದ ವಿವರ ಕೇಳಿಕೊಳ್ಳಿ. ಯುರೋಪಿನ ರಾಜಸಾರೋಟಿನ ಗಾಲಿಯೂ ಇದೇ ವಿಧಾನದಲ್ಲಿ ತಯಾರಾದದ್ದು. ಇದನ್ನು ಅರಿತು ಹೋದವರು ಸಂಗ್ರಹಾಲಯದಲ್ಲಿ ಬಣ್ಣ ಮತ್ತು ಗಿಲೀಟಿಗೆ ಮರುಳಾಗಿ ನಿಲ್ಲದೆ ಗಾಲಿಯ ಬಳಿ ಬಗ್ಗಿ ನೋಡುತ್ತಾರೆ.

ಮೂರನೆಯದಾಗಿ, ನಮ್ಮ ಭಾಗದವರು ವಿಮಾನ ಹತ್ತುವುದು ಹೆಚ್ಚಾಗಿ ಹೈದರಾಬಾದಿನಿಂದ. ಕಲಬುರಗಿಯಿಂದ ವಾಡಿ, ಸೇಡಂ, ತಾಂಡೂರು ಮಾರ್ಗದ ರೈಲು, ಬೀದರದಿಂದ ಜಹೀರಾಬಾದ್ ಮೇಲಿನ ರಸ್ತೆ ಎರಡೂ ಅನುಕೂಲಕರ. ಒಂದು ದಿನ ಮುಂಚೆಯೇ ತಲುಪಿ ಚಾರ್‌ಮಿನಾರಿನ ಸಮೀಪದ ಚೌಮಹಲ್ಲಾ ಅರಮನೆಯನ್ನು ನೋಡಿಕೊಳ್ಳಿ. ಅಲ್ಲಿ ನಿಜಾಮರ ಹಳೆಯ ಕಾರುಗಳ ಜೊತೆಗೆ ಅವರ ಬಗ್ಗಿಗಳನ್ನೂ ಇರಿಸಿದ್ದಾರೆ. 1948ರವರೆಗೆ ನಮ್ಮ ಮೂರು ಜಿಲ್ಲೆಗಳನ್ನು ಆಳಿದ ಮನೆತನದ ವಾಹನಗಳು ಅವು. ಶುಕ್ರವಾರ ಅರಮನೆಗೆ ರಜೆ ಇರುವುದರಿಂದ ದಿನವನ್ನು ನೋಡಿಕೊಂಡು ಹೊರಡಿ.

ವೀಸಾ ಮತ್ತು ಕಾಗದಪತ್ರ

ಸ್ಲೊವೇನಿಯಾ ಷೆಂಗೆನ್ ದೇಶಗಳ ಗುಂಪಿಗೆ ಸೇರಿದೆ. ಒಂದು ಷೆಂಗೆನ್ ವೀಸಾ ಇದ್ದರೆ ಇಟಲಿ, ಆಸ್ಟ್ರಿಯಾ, ಜರ್ಮನಿಗಳಿಂದ ಅಲ್ಲಿಗೆ ಹೋಗಲು ಬೇರೆ ವೀಸಾ ಬೇಕಿಲ್ಲ. ಅರ್ಜಿಯನ್ನು ಯಾವ ದೇಶಕ್ಕೆ ಸಲ್ಲಿಸಬೇಕೆಂಬ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಎಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೆ ಸಲ್ಲಿಸಬೇಕು. ಎರಡು ದೇಶಗಳಲ್ಲಿ ಸಮಾನ ದಿನ ಉಳಿಯುವುದಾದರೆ ಮೊದಲು ಕಾಲಿಡುವ ದೇಶಕ್ಕೆ ಸಲ್ಲಿಸಬೇಕು. ಮಗ ಮ್ಯೂನಿಕ್‌ನಲ್ಲಿದ್ದು ನೀವು ಅಲ್ಲಿಯೇ ಒಂದು ತಿಂಗಳು ಉಳಿದು ಲಿಪಿಟ್ಸಾಕ್ಕೆ ಎರಡು ದಿನ ಮಾತ್ರ ಹೋಗುವುದಾದರೆ ಅರ್ಜಿ ಜರ್ಮನಿಗೆ ಸಲ್ಲಬೇಕು.

ಪ್ರಯಾಣದ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕೊನೆಯ ಪಕ್ಷ ಪ್ರಯಾಣಕ್ಕೆ ಹದಿನೈದು ದಿನ ಮುಂಚೆಯಾದರೂ ಸಲ್ಲಿಸಿರಬೇಕು. ಬೇಸಿಗೆಯಲ್ಲಿ ಸಂದರ್ಶನದ ದಿನ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳು ಮುಂಚೆ ಕೈಹಚ್ಚುವುದು ಒಳ್ಳೆಯದು. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ನೀಡಿದ್ದಾಗಿರಬೇಕು ಮತ್ತು ಮರಳಿ ಬರುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ನೀಡಲು ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ವೀಸಾ ಸಿಕ್ಕ ಮೇಲೆ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಆ ದೇಶಗಳಲ್ಲಿ ಉಳಿಯುವಂತಿಲ್ಲ.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಿಶ್ಚಿಂತೆಯಿಂದ ಒಯ್ಯಬಹುದು. ಆದರೆ ಹೊರದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಆದ್ದರಿಂದ ತುಪ್ಪ, ಪೇಡೆ, ಖೋವಾದ ಸಿಹಿಗಳನ್ನು ಮನೆಯಲ್ಲಿಯೇ ಬಿಡಿ. ಮಗಳಿಗೆಂದು ಆಸೆಯಿಂದ ಕಟ್ಟಿದ ತುಪ್ಪದ ಡಬ್ಬಿ ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರುವುದು ನೋವಿನ ಸಂಗತಿ.

ಪಾದರಕ್ಷೆಯ ವಿಷಯವನ್ನು ನಮ್ಮ ಕಡೆಯ ರೈತ ಕುಟುಂಬದವರು ವಿಶೇಷವಾಗಿ ಗಮನಿಸಬೇಕು. ಮನೆಯಲ್ಲಿ ದನಕರು ಇದ್ದರೆ, ಕೊಟ್ಟಿಗೆಯಲ್ಲಿ ಮೆಟ್ಟಿಕೊಂಡು ಓಡಾಡಿದ ಬೂಟುಗಳನ್ನು ಅಲ್ಲಿಗೆ ಒಯ್ಯಬೇಡಿ. ಕಾಲುಬಾಯಿ ಬೇನೆ ನಮ್ಮಲ್ಲಿ ಆಗಾಗ ಕಾಣಿಸಿಕೊಳ್ಳುವ ರೋಗ. ಅದು ಸೀಳು ಗೊರಸಿನ ಪ್ರಾಣಿಗಳಿಗೆ ಬರುವಂಥದ್ದು, ಕುದುರೆಗೆ ಬರುವುದಿಲ್ಲ. ಆದರೂ ಕೆಸರಿನ ಮೂಲಕ ಅದರ ಸೋಂಕು ದಾಟಬಲ್ಲದಾದ್ದರಿಂದ ಅಲ್ಲಿನ ದನ, ಕುರಿಗಳಿಗೆ ಅಪಾಯ. ಕುದುರೆಗಳದೇ ಆದ ಅಂಟುರೋಗಗಳೂ ಇವೆ. ಹೊರಡುವ ಮುಂಚಿನ ದಿನಗಳಲ್ಲಿ ಜಾತ್ರೆಯ ಕುದುರೆಯನ್ನೋ ಮದುವೆಯ ಮೆರವಣಿಗೆಯ ಕುದುರೆಯನ್ನೋ ಮುಟ್ಟಿದ್ದರೆ ಆ ಬಟ್ಟೆಯನ್ನು ಒಗೆದು, ಬೂಟನ್ನು ಸಾಬೂನಿನಿಂದ ತೊಳೆದು ಒಣಗಿಸಿ. ಹೊಸ ಬೂಟು ಕೊಂಡರೂ ಊರಿನಲ್ಲಿ ವಾರವೊಂದು ಹಾಕಿ ಪಳಗಿಸಿಕೊಳ್ಳಿ, ಏಕೆಂದರೆ ಅಲ್ಲಿ ಸಾಕಷ್ಟು ನಡೆಯುವುದಿದೆ.

ಲಿಪಿಟ್ಸಾ ಇರುವುದು ಕಾರ್ಸ್ಟ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಮೇಲೆ. ಅಲ್ಲಿ ಬೋರಾ ಎಂಬ ರಭಸದ ತಣ್ಣನೆಯ ಗಾಳಿ ಬೀಸುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲಿನಿಂದ ಹೊರಟವರು ಉಣ್ಣೆಯ ಅಂಗಿ ಮತ್ತು ಗಾಳಿತಡೆ ಜಾಕೆಟನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಸೀರೆ ಉಟ್ಟವರು ಸೆರಗನ್ನು ಪಿನ್ನು ಹಾಕಿ ಭದ್ರಪಡಿಸಿಕೊಳ್ಳಲಿ. ಗಾಳಿಗೆ ಪಟಪಟಿಸುವ ಬಟ್ಟೆ ಕುದುರೆಯನ್ನು ಬೆದರಿಸುತ್ತದೆ.

ತಲುಪುವ ದಾರಿ

ಇಟಲಿಯ ಟ್ರಿಯೆಸ್ಟೆ ನಗರ ಲಿಪಿಟ್ಸಾಕ್ಕೆ ಬಹಳ ಹತ್ತಿರ. ಗಡಿ ದಾಟಿದರೆ ಬಂತು. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದಿಂದ ಸುಮಾರು 80 ಕಿಲೋಮೀಟರು. ರೈಲಿನಲ್ಲಿ ಬರುವವರು ಸೆಝಾನಾ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಟ್ಯಾಕ್ಸಿ ಹಿಡಿಯಬೇಕು. ಸ್ವಂತ ಕಾರಿನಲ್ಲಿ ಬರುವುದು ಎಲ್ಲಕ್ಕಿಂತ ಸುಲಭ, ಆದರೆ ಸ್ಲೊವೇನಿಯಾದ ಹೆದ್ದಾರಿಗೆ ಬೇಕಾದ ವಿನ್ಯೆಟ್ ಎಂಬ ರಸ್ತೆ ಶುಲ್ಕವನ್ನು ಮೊದಲೇ ಕಟ್ಟಿರಬೇಕು. ತಳಿಕೇಂದ್ರದ ಕುದುರೆಗಳ ಸವಾರಿ ಪ್ರದರ್ಶನಗಳು ವರ್ಷವಿಡೀ, ಎಲ್ಲ ದಿನಗಳಲ್ಲೂ ನಡೆಯುವುದಿಲ್ಲ. ಮುಖ್ಯವಾಗಿ ವಸಂತದಿಂದ ಶರತ್ಕಾಲದವರೆಗೆ, ನಿಗದಿತ ದಿನಗಳಂದು ಇರುತ್ತವೆ. ಕೇಂದ್ರದ ಜಾಲತಾಣದಲ್ಲಿ ಆ ವಾರದ ವೇಳಾಪಟ್ಟಿಯನ್ನು ನೋಡಿ ಟಿಕೀಟು ಕಾದಿರಿಸಿ, ನಂತರವೇ ಉಳಿದ ಪ್ರವಾಸವನ್ನು ಅದರ ಸುತ್ತ ಹೊಂದಿಸಿ. ಮಾರ್ಗದರ್ಶಕರ ಜೊತೆಗಿನ ಸುತ್ತಾಟವನ್ನು ತಪ್ಪದೆ ಆರಿಸಿಕೊಳ್ಳಿ, ಇಂಗ್ಲಿಷ್ ವಿವರಣೆ ದೊರೆಯುತ್ತದೆ.

ಮೊದಲ ಅರ್ಧ ದಿನ: ಕುದುರೆಗಳ ಬಳಿ

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ಹೋಗುವ ದಾರಿಯ ಎರಡೂ ಬದಿಗೆ ಲಿಂಡನ್ ಮರಗಳ ಸಾಲಿದೆ. ವಿಯೆನ್ನಾದ ಆಸ್ಥಾನಕ್ಕೆ ಕಳುಹಿಸುವ ಪ್ರತಿಯೊಂದು ಕುದುರೆಗೆ ಮೂರು ಸಸಿ ನೆಡುವ ವಾಡಿಕೆ ಇತ್ತೆಂದು ಹೇಳುತ್ತಾರೆ. ಒಟ್ಟು ಆವರಣ 300 ಹೆಕ್ಟೇರಿಗೂ ಹೆಚ್ಚು, ಅಂದರೆ ನಮ್ಮ ಲೆಕ್ಕದಲ್ಲಿ ಏಳುನೂರೈವತ್ತು ಎಕರೆಯಷ್ಟು.

ಆಸ್ಟ್ರಿಯದ ಅರಸುಮನೆತನದ ಆರ್ಚ್‌ಡ್ಯೂಕ್ ಚಾರ್ಲ್ಸ್ 1580ರಲ್ಲಿ ಈ ಜಾಗವನ್ನು ಟ್ರಿಯೆಸ್ಟೆಯ ಬಿಷಪ್ಪರಿಂದ ಪಡೆದುಕೊಂಡನು. ಮರುವರ್ಷ ಸ್ಪೇನಿನಿಂದ 24 ಹೆಣ್ಣು ಮತ್ತು 6 ಗಂಡು ಕುದುರೆಗಳನ್ನು ತರಿಸಲಾಯಿತು. ಕಲ್ಲುನೆಲ, ತೆಳುವಾದ ಮಣ್ಣು, ವಿರಳವಾದ ಹುಲ್ಲು, ಇಂತಹ ಕಠಿಣ ಜಾಗವನ್ನೇ ಆರಿಸಿದ್ದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಕಲ್ಲಿನ ಮೇಲೆ ಬೆಳೆದ ಮರಿಯ ಗೊರಸು ಗಟ್ಟಿಯಾಗುತ್ತದೆ, ಕಾಲು ಬಲಿಯುತ್ತದೆ. ಭೀಮಾ ತೀರದ ಭೀಮಥಡಿ ಕುದುರೆಗಳ ಗಟ್ಟಿತನವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲಿಪಿಟ್ಸಾನರ್ ಎಂಬ ಈ ತಳಿಯ ಕುದುರೆಗಳು ಪ್ರಾಯಕ್ಕೆ ಬಂದಾಗ ಬಹುತೇಕ ಬೆಳ್ಳಗಿರುತ್ತವೆ. ಮರಿಗಳು ಮಾತ್ರ ಕಪ್ಪಾಗಿ ಅಥವಾ ಕಂದಾಗಿ ಹುಟ್ಟುತ್ತವೆ. ಆರರಿಂದ ಹತ್ತು ವರ್ಷದೊಳಗೆ ಮೈಬಣ್ಣ ನಿಧಾನವಾಗಿ ತಿಳಿಯಾಗುತ್ತ ಹೋಗುತ್ತದೆ. ಬಯಲಿನಲ್ಲಿ ಬೆಳ್ಳಗಿನ ತಾಯಿಯ ಪಕ್ಕೆಗೆ ಅಂಟಿಕೊಂಡು ಕಾಡಿಗೆ ಬಣ್ಣದ ಮರಿ ಓಡುವುದನ್ನು ನೋಡಿದರೆ ಅದು ಅದರದೇ ಮರಿಯೋ ಎಂಬ ಸಂಶಯ ಬರುವುದು ಸಹಜ. ಹಿಂಡು ಹುಲ್ಲುಗಾವಲಿಗೆ ಹೊರಡುವ ಅಥವಾ ಲಾಯಕ್ಕೆ ಮರಳುವ ಸಮಯವನ್ನು ಸಿಬ್ಬಂದಿಯಿಂದ ಕೇಳಿ ತಿಳಿದು, ಬೇಲಿಯ ಹೊರಗೆ ನಿಂತು ಕಾಯಿರಿ. ಇಡೀ ದಿನದಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಹೊತ್ತು ಅದೇ.

ನಂತರ ವೆಲ್ಬಾಂಕಾ ಎಂಬ ಹಳೆಯ ಲಾಯಕ್ಕೆ ಹೋಗಿ. 1703ರ ಈ ಕಟ್ಟಡ ಕಮಾನಿನ ಛಾವಣಿಯದು, ಗಂಡುಕುದುರೆಗಳಿಗಾಗಿ ಕಟ್ಟಿದ್ದು. ಪ್ರತಿ ಕುದುರೆಯ ಹೆಸರಿನ ಫಲಕವನ್ನು ಓದಿ. ಕನ್ವರ್ಸಾನೋ, ಫಾವೋರಿ, ಮಾಯೆಸ್ಟೋಸೋ, ನೆಯಾಪೊಲಿಟಾನೋ, ಪ್ಲೂಟೋ, ಸಿಗ್ಲಾವಿ ಎಂಬ ಆರು ಮೂಲಪುರುಷರಿಂದ ಬಂದ ವಂಶಗಳು ಇವು; ಗಂಡುಕುದುರೆಗೆ ತಂದೆಯ ವಂಶದ ಹೆಸರನ್ನೂ ತಾಯಿಯ ಹೆಸರನ್ನೂ ಕೂಡಿಸಿ ಇಡುತ್ತಾರೆ. ತಾಯಿಯ ಹೆಸರು ಬಿಟ್ಟುಹೋಗದ ಈ ಪದ್ಧತಿಯನ್ನು ಗಮನಿಸಿ.

ಲಾಯದಲ್ಲಿ ನಡೆದುಕೊಳ್ಳುವ ರೀತಿ ಬಹಳ ಮುಖ್ಯ. ಕುದುರೆಗೆ ಎರಡೂ ಬದಿಗಳು ವಿಸ್ತಾರವಾಗಿ ಕಾಣುತ್ತವೆ, ಆದರೆ ನೇರ ಹಿಂದೆ ಮತ್ತು ಹಣೆಯ ಮುಂದೆ ತೀರ ಸಮೀಪದಲ್ಲಿರುವುದು ಕಾಣುವುದಿಲ್ಲ. ಹಾಗಾಗಿ ಹಿಂದಿನಿಂದ ಬರಬಾರದು, ಮುಖಕ್ಕೆ ನೇರವಾಗಿ ಕೈ ಚಾಚಬಾರದು. ಸಿಬ್ಬಂದಿ ಅನುಮತಿಸಿದರೆ ಹೆಗಲಿನ ಕಡೆಯಿಂದ, ಮೆಲ್ಲಗೆ ಮಾತನಾಡುತ್ತ ಸಮೀಪಿಸಿ ಕುತ್ತಿಗೆಯನ್ನು ಸವರಬಹುದು. ಕಿವಿಗಳು ಹಿಂದಕ್ಕೆ ಮಲಗಿದರೆ ಅದು ಸಿಟ್ಟಿನ ಗುರುತು. ಕೂಡಲೇ ಹಿಂದೆ ಸರಿಯಿರಿ. ಕ್ಯಾಮೆರಾದ ಫ್ಲ್ಯಾಶ್ ಬೇಡ, ಕೊಡೆಯನ್ನು ಸಮೀಪದಲ್ಲಿ ಬಿಚ್ಚುವುದು ಬೇಡ. ನಮ್ಮಲ್ಲಿ ಕುದುರೆ ಕಂಡರೆ ಬೆಲ್ಲ, ಕಡಲೆ ಕೊಡುವ ಭಕ್ತಿಭಾವ ಇದೆ, ಅದು ಒಳ್ಳೆಯ ಮನಸ್ಸಿನಿಂದ ಬಂದದ್ದು. ಆದರೆ ಅಳತೆ ಮಾಡಿ ಮೇವು ಹಾಕುವ ಇಂತಹ ಲಾಯದಲ್ಲಿ ಹೊರಗಿನವರು ಏನನ್ನೂ ತಿನ್ನಿಸಬಾರದು. ಕುದುರೆ ವಾಂತಿ ಮಾಡಲಾರದ ಪ್ರಾಣಿ. ತಿನ್ನಬಾರದ್ದು ಹೊಟ್ಟೆಗೆ ಹೋದರೆ ಹೊಟ್ಟೆಶೂಲೆಯಿಂದ ಪ್ರಾಣಕ್ಕೇ ಅಪಾಯವಾಗಬಹುದು.

ಲಿಪಿಕುಮ್ ಎಂಬ ಸಂಗ್ರಹಾಲಯದಲ್ಲಿ ತಳಿಯ ಇತಿಹಾಸವಿದೆ. ಯುದ್ಧ ಬಂದಾಗಲೆಲ್ಲ ಈ ಕುದುರೆಗಳು ಊರು ಬಿಟ್ಟಿವೆ: 1797ರಲ್ಲಿ ನೆಪೋಲಿಯನ್ನನ ಸೈನ್ಯದಿಂದ ತಪ್ಪಿಸಲು ಹಂಗೇರಿಗೆ, 1915ರಲ್ಲಿ ಆಸ್ಟ್ರಿಯದ ಲಾಕ್ಸೆನ್‌ಬರ್ಗ್ ಮತ್ತು ಇಂದಿನ ಚೆಕ್ ದೇಶದ ಕ್ಲಾಡ್ರುಬಿಗೆ, 1943ರಲ್ಲಿ ಜರ್ಮನ್ನರ ವಶವಾಗಿ ಅದೇ ಚೆಕ್ ದೇಶದ ಬೊಹೆಮಿಯಾ ಸೀಮೆಗೆ. ಎರಡನೆಯ ಮಹಾಯುದ್ಧದ ನಂತರ ಲಿಪಿಟ್ಸಾಕ್ಕೆ ಮರಳಿದವು ಹನ್ನೊಂದು ಮಾತ್ರ. ಇಂದಿನ ಹಿಂಡನ್ನು ನೋಡಿದ ಮೇಲೆ ಈ ಸಂಖ್ಯೆಯನ್ನು ಓದಿದರೆ ಅದರ ತೂಕ ತಿಳಿಯುತ್ತದೆ.

ಮಧ್ಯಾಹ್ನ: ಸಾರೋಟುಗಳನ್ನು ಓದುವ ಬಗೆ

ಊಟ ಮುಗಿಸಿ ಸಾರೋಟು ಸಂಗ್ರಹಾಲಯಕ್ಕೆ ಬನ್ನಿ. ಹೆಚ್ಚಿನವರು ಒಳಗೆ ಕಾಲಿಟ್ಟವರೇ ಬಾಗಿಲಿನ ಚಿತ್ತಾರ, ಮಖಮಲ್ಲಿನ ಆಸನ ನೋಡಿ ಒಂದು ಚಿತ್ರ ತೆಗೆದು ಮುಂದೆ ಸಾಗುತ್ತಾರೆ. ನೀವು ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ.

ಗಾಲಿಯ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ಅಂಚಿನಿಂದ ನೋಡಿ. ಆರೆಗಳು ನೇರವಾಗಿ ನಿಂತಿರದೆ ಹೊರಮುಖವಾಗಿ ಸ್ವಲ್ಪ ವಾಲಿರುವುದು, ಇಡೀ ಗಾಲಿ ತಗ್ಗು ತಟ್ಟೆಯ ಆಕಾರ ಪಡೆದಿರುವುದು ಕಾಣುತ್ತದೆ. ಕುದುರೆ ಹೆಜ್ಜೆ ಹಾಕುವಾಗ ಗಾಡಿ ಎಡಕ್ಕೂ ಬಲಕ್ಕೂ ತೂಗುತ್ತದೆ, ಆಗ ಗುಂಭ ಗಾಲಿಯನ್ನು ಅಡ್ಡಡ್ಡವಾಗಿ ನೂಕುತ್ತದೆ. ಆ ನೂಕನ್ನು ತಡೆಯಲು ಬಡಿಗ ಗಾಲಿಗೆ ಈ ವಾಲನ್ನು ಕೊಟ್ಟಿರುತ್ತಾನೆ. ಅಚ್ಚನ್ನು ತುದಿಯಲ್ಲಿ ತುಸು ಕೆಳಮುಖವಾಗಿ ಬಗ್ಗಿಸಿರುವುದರಿಂದ, ಭಾರ ಹೊತ್ತು ನೆಲಕ್ಕೆ ತಾಗುವ ಆರೆ ಮಾತ್ರ ಆ ಕ್ಷಣಕ್ಕೆ ನೆಟ್ಟಗೆ ನಿಲ್ಲುತ್ತದೆ.

ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಚಿಕ್ಕವಾಗಿರುವುದಕ್ಕೆ ಕಾರಣ ತಿರುವು. ದೊಡ್ಡ ಗಾಲಿ ಕಲ್ಲು, ಕುಣಿಗಳನ್ನು ಸುಲಭವಾಗಿ ದಾಟುತ್ತದೆ, ಎಳೆತ ಹಗುರಾಗುತ್ತದೆ. ಆದರೆ ನಾಲ್ಕು ಗಾಲಿಯ ಗಾಡಿ ಓಣಿಯಲ್ಲಿ ತಿರುಗಬೇಕಾದರೆ ಮುಂದಿನ ಗಾಲಿ ಗಾಡಿಯ ಮೈಕೆಳಗೆ ಸರಿಯಬೇಕು. ಎಳೆತದ ಹಗುರ, ತಿರುವಿನ ಸಲೀಸು ಇವೆರಡರ ನಡುವೆ ಪ್ರತಿಯೊಬ್ಬ ತಯಾರಕನೂ ಮಾಡಿಕೊಂಡ ಹೊಂದಾಣಿಕೆಯನ್ನು ಗಾಲಿಗಳ ಎತ್ತರದಲ್ಲಿ ನೋಡಬಹುದು.

ಮುಂದೆ, ಸಾರೋಟಿನ ತೊಟ್ಟಿ, ಅಂದರೆ ಜನ ಕೂರುವ ಭಾಗ, ಯಾವುದರ ಮೇಲೆ ನಿಂತಿದೆ ಎಂದು ಹುಡುಕಿ. ಹಳೆಯವುಗಳಲ್ಲಿ ಅದು ದಪ್ಪನೆಯ ತೊಗಲಿನ ಪಟ್ಟಿಗಳಿಂದ ತೂಗುತ್ತಿರುತ್ತದೆ. ಅನಂತರದವುಗಳಲ್ಲಿ ಬಾಗಿದ ಉಕ್ಕಿನ ಪಟ್ಟಿಗಳ ತುದಿಗೆ ತೊಗಲನ್ನು ಕಟ್ಟಿರುತ್ತಾರೆ. 1804ರಲ್ಲಿ ಇಂಗ್ಲೆಂಡಿನ ಒಬಡಾಯಾ ಎಲಿಯಟ್ ಎಂಬುವನು ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ ಮೇಲೆ ಗಾಡಿಗಳು ತಗ್ಗಾದವು, ಹಗುರಾದವು, ಹತ್ತಿಳಿಯುವುದು ಸರಳವಾಯಿತು. ಸಂಗ್ರಹಾಲಯದ ಫಲಕದಲ್ಲಿ ಇಸವಿ ಇರಲಿ ಬಿಡಲಿ, ಸ್ಪ್ರಿಂಗ್ ನೋಡಿ ಸಾರೋಟಿನ ಕಾಲವನ್ನು ಸುಮಾರಾಗಿ ಊಹಿಸಲು ಯತ್ನಿಸಿ. ಮಕ್ಕಳಿಗೆ ಇದು ಒಳ್ಳೆಯ ಅಭ್ಯಾಸ.

ಆಮೇಲೆ ಎಳೆತದ ಸಲಕರಣೆ. ನಮ್ಮ ಎತ್ತು ಇಣಿಯ ಮುಂದೆ ನೊಗ ಹೊತ್ತು ಎಳೆಯುತ್ತದೆ. ಕುದುರೆಗೆ ಇಣಿ ಇಲ್ಲ. ಅದರ ಕುತ್ತಿಗೆಗೆ ನೊಗ ಅಥವಾ ಪಟ್ಟಿ ಬಿಗಿದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಭಾರವನ್ನು ಹೆಗಲಿನ ಮೂಳೆಗೆ ಒರಗಿಸುವ ಮೆತ್ತೆಯ ಕೊರಳಪಟ್ಟಿಯೋ ಎದೆಯ ಮೇಲೆ ಹಾಯುವ ಅಗಲ ಪಟ್ಟಿಯೋ ಬೇಕಾಯಿತು. ಬೆಳಿಗ್ಗೆ ಲಾಯದಲ್ಲಿ ನೋಡಿದ ಹೆಗಲು, ಎದೆಗಳನ್ನು ಇಲ್ಲಿ ನೆನಪಿಗೆ ತಂದುಕೊಂಡರೆ ತೊಗಲಿನ ಪ್ರತಿ ಪಟ್ಟಿಯ ಕೆಲಸವೂ ಅರ್ಥವಾಗುತ್ತದೆ. ಹಿಂಭಾಗದ ತೊಡೆಗಳನ್ನು ಸುತ್ತಿ ಬರುವ ಪಟ್ಟಿ ಇಳಿಜಾರಿನಲ್ಲಿ ಗಾಡಿಯನ್ನು ತಡೆಹಿಡಿಯಲು. ಕಣ್ಣಪಟ್ಟಿ, ಹಿಂದೆ ಉರುಳುವ ಗಾಲಿ ಕಂಡು ಕುದುರೆ ಬೆದರದಿರಲೆಂದು. ಒಂದೇ ಕುದುರೆಯ ಗಾಡಿಗೆ ಎರಡು ಮೂಕಿಗಳು, ಜೋಡಿ ಕುದುರೆಯದಕ್ಕೆ ನಡುವೆ ಒಂದೇ ಉದ್ದ ದಂಡ ಇರುತ್ತದೆ. ಇದನ್ನು ಬಲ್ಲವರು ಕುದುರೆ ಕಟ್ಟದ ಸಾರೋಟನ್ನು ನೋಡಿಯೂ ಅದಕ್ಕೆ ಎಷ್ಟು ಕುದುರೆ ಹೂಡುತ್ತಿದ್ದರೆಂದು ಹೇಳಬಲ್ಲರು.

ಬಗೆಗಳ ಹೆಸರು ಗೊತ್ತಿದ್ದರೆ ಸಾಕು, ಉರು ಹೊಡೆಯುವ ಅಗತ್ಯವಿಲ್ಲ. ಎದುರುಬದುರಾಗಿ ಕೂರುವ, ಮುಂದೆ ಹಿಂದೆ ಎರಡೂ ಕಡೆಗೆ ಮಡಚುವ ಮುಚ್ಚಳವಿರುವುದು ಲ್ಯಾಂಡೋ. ಒಡೆಯನೇ ಲಗಾಮು ಹಿಡಿದು ಓಡಿಸುವ ಹಗುರವಾದದ್ದು ಫೇಟನ್. ಇಬ್ಬರು ಕೂರುವ ತಗ್ಗಾದ ಆಸನ, ಸಾರಥಿಗೆ ಎತ್ತರದ ಪೀಠ ಇದ್ದರೆ ವಿಕ್ಟೋರಿಯಾ. ಮುಂಬಯಿಯ ರಸ್ತೆಗಳಲ್ಲಿ ಆ ಹೆಸರು ಬಹುಕಾಲ ಉಳಿದಿತ್ತು.

ಕೊನೆಗೆ ಸವಾರಿ

ಆವರಣದಲ್ಲಿ ಸಾರೋಟಿನ ಸವಾರಿಯೂ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸಂಗ್ರಹಾಲಯದಲ್ಲಿ ನೋಡಿದ ಸ್ಪ್ರಿಂಗು ಮೈಗೆ ತಾಗುವುದು, ದಂಡ ಹೊರಳಿದಾಗ ಮುಂದಿನ ಗಾಲಿ ಒಳಕ್ಕೆ ಸರಿಯುವುದು ಆಗ ಅನುಭವಕ್ಕೆ ಬರುತ್ತದೆ. ಮೊಣಕಾಲು ನೋವಿನ ಹಿರಿಯರಿದ್ದರೆ ಮೆಟ್ಟಿಲಿನ ಎತ್ತರವನ್ನು ಮೊದಲು ನೋಡಿ, ಕುದುರೆಗಳು ನಿಶ್ಚಲವಾಗಿ ನಿಂತ ಮೇಲೆ ಸಾರಥಿಯ ಸೂಚನೆಯಂತೆ ಹತ್ತಿಸಿ, ಮುಂದಕ್ಕೆ ಮುಖಮಾಡಿದ ಆಸನದಲ್ಲಿ ಕೂರಿಸಿ. ಮಕ್ಕಳು ಎದ್ದುನಿಲ್ಲದಂತೆ ಹಿಡಿದುಕೊಳ್ಳಿ. ಅಂಗಡಿಯಲ್ಲಿ ಚಿಲ್ಲರೆ ಬಂದಾಗ ಸ್ಲೊವೇನಿಯಾದ 20 ಸೆಂಟಿನ ನಾಣ್ಯವನ್ನು ಹುಡುಕಲು ಮಕ್ಕಳಿಗೆ ಹೇಳಿ. ಅದರ ಮೇಲೆ ಲಿಪಿಟ್ಸಾನರ್ ಜೋಡಿಯ ಚಿತ್ರವಿದೆ. ಮರುದಿನ ಬಿಡುವಿದ್ದರೆ ಸಮೀಪದಲ್ಲಿಯೇ ಷ್ಕೋತ್ಸ್ಯಾನ್ ಗುಹೆಗಳಿವೆ, 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವಂಥವು.

ಊರಿಗೆ ಮರಳಿದ ಮೇಲೆ ಅದೇ ಬೂಟಿನಲ್ಲಿ ನಿಮ್ಮ ಕೊಟ್ಟಿಗೆಗೆ ಕಾಲಿಡುವ ಮುನ್ನ ಅದನ್ನು ಮತ್ತೊಮ್ಮೆ ತೊಳೆಯಿರಿ.

ವಿದೇಶ ಪ್ರಯಾಣ ಆಗದವರಿಗೆ

ಇದೇ ಕ್ರಮವನ್ನು ದೇಶದೊಳಗೂ ಅನುಸರಿಸಬಹುದು, ಕುದುರೆ ಮತ್ತು ಸಾರೋಟು ಒಂದೇ ಆವರಣದಲ್ಲಿ ಸಿಗುವುದಿಲ್ಲ ಅಷ್ಟೆ. ಸಾರೋಟಿಗೆ ಹೈದರಾಬಾದಿನ ಚೌಮಹಲ್ಲಾ ಹತ್ತಿರದ್ದು. ಜೈಪುರದ ಸಿಟಿ ಪ್ಯಾಲೇಸಿನ ಬಗ್ಗಿಖಾನೆಯಲ್ಲಿ 1876ರಲ್ಲಿ ಇಂಗ್ಲೆಂಡಿನ ಯುವರಾಜ ಕಾಣಿಕೆ ಕೊಟ್ಟ ವಿಕ್ಟೋರಿಯಾ ಬಗ್ಗಿ ಇದೆ; ಗ್ವಾಲಿಯರಿನ ಜೈವಿಲಾಸ ಅರಮನೆಯಲ್ಲಿಯೂ ಸಾರೋಟುಗಳಿವೆ. ಕುದುರೆಗಳಿಗೆ, ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್ ಇದೆ. ಟಿಪ್ಪು ಸುಲ್ತಾನನ ಕಾಲದಷ್ಟು ಹಳೆಯದಾದ ಈ ಕೇಂದ್ರ ಪಂದ್ಯದ ಕುದುರೆಗಳ ತಳಿ ಬೆಳೆಸುವ ಕೆಲಸದ ಜಾಗವೇ ಹೊರತು ಪ್ರವಾಸಿ ತಾಣವಲ್ಲ. ಮೊದಲು ಪತ್ರ ಬರೆದು ಆಡಳಿತದವರ ಅನುಮತಿ ಪಡೆಯಿರಿ. ಎಷ್ಟು ಜನ, ಯಾವ ಉದ್ದೇಶ, ಮಕ್ಕಳ ವಯಸ್ಸೇನು ಎಂಬುದನ್ನು ಪತ್ರದಲ್ಲಿಯೇ ತಿಳಿಸಿ, ಉತ್ತರ ಬಂದ ನಂತರ ರೈಲಿನ ಟಿಕೀಟು ತೆಗೆಸಿ.